ಮದುವೆ ಕುರ್ಚಿ, ಸಾವಿನ ಕುರ್ಚಿ

ನಮ್ಮ ಕಡೂರಿನಲ್ಲಿ ಮಳೆಗೆ ಬರವಿರಬಹುದು, ಉದ್ಯಮಿಗಳಿಗೆ ಬರವಿಲ್ಲ. ಬಸ್ ನಿಲ್ದಾಣದ ಎದುರು ನಿಂತು ಒಮ್ಮೆ ತಲೆಯೆತ್ತಿ ನೋಡಿದರೆ ಸಾಕು. ಹುಟ್ಟುಹಬ್ಬದ ಶುಭಾಶಯ ಕೋರುವ ಒಂದೊಂದು ಫ್ಲೆಕ್ಸಿನಲ್ಲೂ ಒಬ್ಬ 'ಯುವ ಉದ್ಯಮಿ' ಬಿಳಿ ಅಂಗಿ ತೊಟ್ಟು, ಕೊರಳಿಗೆ ಸರ ಹಾಕಿಕೊಂಡು, ಯಾರಿಗೋ ಕೈಮುಗಿಯುತ್ತಿರುತ್ತಾನೆ. ಏನು ಉದ್ಯಮ ಎಂದು ಕೇಳುವುದು ಸಭ್ಯತೆಯಲ್ಲ. ಆ ಫ್ಲೆಕ್ಸ್ ಕಟ್ಟಿರುವ ಗಳಗಳು ಮಾತ್ರ ನನ್ನ ಅಂಗಡಿಯವು. ಅವುಗಳನ್ನು ವಾಪಸ್ ತರಲು ಹನ್ನೊಂದು ಗಂಟೆಗೆ ಹೋದರೂ ಯುವ ಉದ್ಯಮಿ ಇನ್ನೂ ಎದ್ದಿರುವುದಿಲ್ಲ, ಅವರಮ್ಮ ಬಾಗಿಲು ತೆಗೆಯುತ್ತಾರೆ.

ನನ್ನನ್ನು ಯಾರೂ ಉದ್ಯಮಿ ಎಂದು ಕರೆದಿಲ್ಲ. 'ಶಾಮಿಯಾನದ ಅಕ್ಕ' ಎನ್ನುತ್ತಾರೆ. ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ, ಮದುವೆ ವೇದಿಕೆಗೆ ಬೇಕಾದ ಅಲಂಕಾರದ ಸಾಮಾನು, ಇವನ್ನೆಲ್ಲ ಬಾಡಿಗೆಗೆ ಕೊಡುವ ಅಂಗಡಿ ನಮ್ಮದು. ಅಪ್ಪ ಶುರು ಮಾಡಿದ್ದು. ಅಣ್ಣತಮ್ಮಂದಿರು ಪಾಲಾದಾಗ ಕಡೂರಿನ ಅಂಗಡಿ ಅಪ್ಪನಿಗೆ ಬಂತು. ಚಿಕ್ಕಪ್ಪ ತನ್ನ ಪಾಲಿನ ಗಳ, ಬಟ್ಟೆ, ಕೊಪ್ಪರಿಗೆಗಳನ್ನು ಲಾರಿಗೆ ಹೇರಿಕೊಂಡು ತರೀಕೆರೆಗೆ ಹೋಗಿ ಅಲ್ಲೊಂದು ಅಂಗಡಿ ತೆರೆದ. ಅಪ್ಪನಿಗೆ ನಾನೊಬ್ಬಳೇ ಮಗಳು. ಚಿಕ್ಕಪ್ಪನಿಗೆ ಗಂಡುಮಕ್ಕಳು. ಈ ವ್ಯತ್ಯಾಸವನ್ನು ಚಿಕ್ಕಪ್ಪ ಒಂದು ದಿನವೂ ಮರೆತದ್ದಿಲ್ಲ.

ಕೆಲವು ವರ್ಷಗಳ ಹಿಂದೆ ಅಪ್ಪನಿಗೆ ಉಸಿರಾಟದ ತೊಂದರೆ ಶುರುವಾಯಿತು. ಗೋದಾಮಿನ ಧೂಳು, ಹಳೇ ಬಟ್ಟೆಯ ಮುಗ್ಗಲು ವಾಸನೆ, ಎರಡೂ ತಾಗಬಾರದು ಎಂದು ಡಾಕ್ಟರು ಹೇಳಿದರು. ಅವ್ವ ತೀರಿಕೊಂಡ ಮೇಲೆ ಅಪ್ಪ ನಮ್ಮ ಮನೆಯಲ್ಲೇ ಇದ್ದರು. ನನ್ನ ಗಂಡ ಅಜ್ಜಂಪುರದ ಒಂದು ಶಾಲೆಯಲ್ಲಿ ಮೇಷ್ಟರು. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆ ಇಳಿಯುವವರು, ಭಾನುವಾರ ಮಾತ್ರ ಅಭಿಪ್ರಾಯ ಹೇಳುವವರು. ಹಾಗಾಗಿ ಅಂಗಡಿಯ ಬಾಗಿಲು ತೆಗೆಯುವ ಕೆಲಸ ತಾನಾಗಿ ನನ್ನ ಕೈಗೆ ಬಂತು. ಬಿ.ಕಾಂ. ಮುಗಿಸಿ ಹದಿನೈದು ವರ್ಷ ಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕಿದ್ದ ನನಗೆ ಅದು ಬೇಡವಾಗಿರಲಿಲ್ಲ. ನಿಜ ಹೇಳಬೇಕೆಂದರೆ, ಬಹಳ ಬೇಕಾಗಿತ್ತು.

ಸುದ್ದಿ ತರೀಕೆರೆಗೆ ಮುಟ್ಟಿದ ಮಾರನೆಯ ದಿನವೇ ಚಿಕ್ಕಪ್ಪ ಒಂದು ಚಿಪ್ಪು ಪುಟ್ಟಬಾಳೆ ಹಿಡಿದುಕೊಂಡು ಅಣ್ಣನ ಯೋಗಕ್ಷೇಮ ವಿಚಾರಿಸಲು ಬಂದ. ವಿಚಾರಿಸಿ ಮುಗಿಯುವ ಮೊದಲೇ ವಿಷಯಕ್ಕೆ ಇಳಿದ.

"ಅಣ್ಣಾ, ನಿನ್ ಮಗಳು ಓದವಳೆ, ಇಲ್ಲ ಅನ್ನಲ್ಲ. ಆದ್ರೆ ಸಾವಿನ ಮನೆ ಮುಂದೆ ನಿಂತು ಗೂಟ ಹೊಡ್ಸೋಕೆ ಓದು ಸಾಲಲ್ಲ ಕಣಣ್ಣ. ಹೆಣ್ಮಗಳು. ಅಂಗಡಿ ನಂಗೆ ಬಿಡು, ನನ್ ಮಕ್ಳು ನೋಡ್ಕೋತಾರೆ. ಹೆಸ್ರು ನಿಂದೇ ಇರ್ಲಿ."

ನಾನು ಅಡುಗೆಮನೆಯ ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದೆ. ಅಪ್ಪ ನನ್ನ ಮುಖ ನೋಡಲಿಲ್ಲ. "ಈ ಸಲದ ಮದುವೆ ಕಾಲ ಮುಗೀಲಿ" ಎಂದರು. "ಅಲ್ಲೀಗಂಟ ಅವಳು ನೋಡ್ಕೊಳ್ಳಿ. ನಿಭಾಯಿಸಿದ್ಲೋ, ಅಂಗಡಿ ಅವಳ್ದು. ಕೈ ಚೆಲ್ಲಿದ್ಲೋ, ಬೀಗದಕೈ ನಿಂಗೇ ಕೊಟ್ಬಿಡ್ತೀನಿ."

ನನಗೆ ಮೈಯೆಲ್ಲ ಉರಿದುಹೋಯಿತು. ಸ್ವಂತ ಮಗಳನ್ನು ಅಪ್ಪ ಪರೀಕ್ಷೆಗೆ ಕೂರಿಸಿದ್ದರು, ಅದೂ ಪ್ರತಿಸ್ಪರ್ಧಿಯ ಎದುರಿಗೆ. ಕೈಯಲ್ಲಿದ್ದ ಕಾಫಿಗೆ ಇನ್ನೂ ಸಕ್ಕರೆ ಹಾಕಿರಲಿಲ್ಲ, ಹಾಗೇ ಚಿಕ್ಕಪ್ಪನಿಗೆ ಕೊಟ್ಟೆ. ಆತ ಕುಡಿದು, ಚೆನ್ನಾಗಿದೆ ಎಂದ. ವ್ಯಾಪಾರಸ್ಥನಿಗೆ ಇರಬೇಕಾದ ಗುಣಗಳು ಚಿಕ್ಕಪ್ಪನಲ್ಲಿ ಇದ್ದವು ಎನ್ನುವುದನ್ನು ಈಗ ಒಪ್ಪಿಕೊಳ್ಳುತ್ತೇನೆ.

ನಾನು ಮೊದಲು ನಿಂತು ಶಾಮಿಯಾನ ಹಾಕಿಸಿದ್ದು ಸಖರಾಯಪಟ್ಟಣದ ಕಡೆಯ ಒಂದು ಸಾವಿನ ಮನೆಗೆ. ಟೆಂಪೋದಲ್ಲಿ ಡ್ರೈವರ್ ಪಕ್ಕ ಕೂತು ಹೋದೆ. ಅಪ್ಪನ ಜೊತೆ ಮೊದಲಿಂದಲೂ ಇದ್ದ ಹಿರಿಯಾಳು, ಗಳ ನೆಡುವುದರಲ್ಲಿ ಕೈ ಪಳಗಿದವನು, ಹಿಂದೆ ಬಟ್ಟೆಯ ರಾಶಿಯ ಮೇಲೆ ಕೂತಿದ್ದ. ನಾನು ಇಳಿದದ್ದೇ ತಡ, ಜಗುಲಿಯ ಮೇಲಿದ್ದ ಗಂಡಸರೆಲ್ಲ ಸತ್ತವರನ್ನು ಬಿಟ್ಟು ನನ್ನನ್ನು ನೋಡತೊಡಗಿದರು. ಒಬ್ಬ ಯಜಮಾನರು, "ಗಂಡಸ್ರು ಯಾರೂ ಬರ್ಲಿಲ್ವೇನಮ್ಮ?" ಎಂದರು. "ನಿಮಗೆ ನೆರಳು ಬೇಕಾ, ಗಂಡಸರು ಬೇಕಾ ಅಜ್ಜಾ?" ಎಂದೆ. ಅವರು ತಲೆಯ ಮೇಲಿನ ಟವೆಲ್ಲು ಸರಿಮಾಡಿಕೊಂಡು, ನೆರಳೇ ಬೇಕು ಎಂದರು. ಆಮೇಲೆ ಯಾರೂ ಏನೂ ಕೇಳಲಿಲ್ಲ. ಬಿಸಿಲು ಹಾಗಿತ್ತು.

ಅಪ್ಪ ಮನೆಯ ಮಂಚದಲ್ಲಿ ಕೂತೇ ನನಗೆ ವಿದ್ಯೆ ಹೇಳಿಕೊಟ್ಟರು. ಈಗಿನವರು ದೂರದೃಷ್ಟಿ ಎಂದು ಕರೆಯುವುದನ್ನು ಅಪ್ಪ ವಿಚಾರಿಸಿಕೊಳ್ಳುವುದು ಎನ್ನುತ್ತಿದ್ದರು. ಯಾರನ್ನು ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದ್ದಾರೆ, ಯಾರನ್ನು ಅಲ್ಲಿಂದ ಮನೆಗೆ ಕರೆದುಕೊಂಡು ಹೋಗಿ ಎಂದು ಕಳಿಸಿದ್ದಾರೆ, ಯಾರ ಮನೆಗೆ ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು ಹೋದರು, ಯಾರು ಊಟವನ್ನೂ ಮಾಡಿ ಹೋದರು, ಇದೆಲ್ಲ ಗೊತ್ತಿರಬೇಕು. ಊಟ ಮಾಡಿ ಹೋದರೆ ಒಂದು ಶಾಮಿಯಾನ ಎತ್ತಿಡಬಹುದು. ಸಾವಿನ ಮನೆಗೆ ಹೋದಾಗ ಮುಂಗಡ ಕೇಳಬಾರದು, ಫೋನಿನಲ್ಲಿ ಜೋರಾಗಿ ಮಾತಾಡಬಾರದು, ಗೂಟ ಹೊಡೆಯುವಾಗ ಹಾರೆಯ ಸದ್ದು ಆದಷ್ಟು ಕಡಿಮೆ ಇರಬೇಕು. ಮದುವೆ ಮನೆಯಲ್ಲಿ ಎಷ್ಟು ಸದ್ದು ಮಾಡಿದರೂ ನಡೆಯುತ್ತದೆ, ಆದರೆ ಯಾರ ಕಡೆಯವರೆಂದು ತಿಳಿಯದೆ ಯಾರ ಜೊತೆಯೂ ನಗಬಾರದು. ಕುರ್ಚಿ ಕಮ್ಮಿಯಾದರೆ ಮೊದಲು ಬೀಗರಿಗೆ, ಆಮೇಲೆ ದೇವರಿಗೆ.

ಇಷ್ಟು ಕಲಿತವಳು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಅಷ್ಟರಲ್ಲಿ ಕಡೂರಿನಲ್ಲಿ ಉದ್ಯಮಶೀಲತಾ ತರಬೇತಿ ಶಿಬಿರ ಎಂಬುದೊಂದು ನಡೆಯಿತು. ಪ್ರವೇಶ ಉಚಿತ, ಮಧ್ಯಾಹ್ನ ಬಿಸಿಬೇಳೆಬಾತು. ಕೈಯಲ್ಲಿ ಬಿ.ಕಾಂ. ಇದ್ದವಳಿಗೆ ಕಾಲು ಸುಮ್ಮನಿರಲಿಲ್ಲ, ಹೋದೆ. ಪಂಚನಹಳ್ಳಿಯಿಂದ ತೆಂಗಿನ ಚಿಪ್ಪಿನಲ್ಲಿ ಇದ್ದಿಲು ಮಾಡುವ ಆಸೆಯವರೊಬ್ಬರು ಬಂದಿದ್ದರು. ಮೇಣದಬತ್ತಿ ಮಾಡಲು ಬಂದ ಹೆಂಗಸರ ಗುಂಪೊಂದಿತ್ತು. ಬಾತಿಗೆಂದೇ ಬಂದವರೂ ಇದ್ದರು, ಅವರೇ ಹೆಚ್ಚು ಗಮನವಿಟ್ಟು ಕೇಳುತ್ತಿದ್ದರು.

ತರಬೇತುದಾರ ಟೈ ಕಟ್ಟಿದ ಹುಡುಗ, ಬೆಂಗಳೂರಿನಿಂದ ಬಂದವನು. ಗೋಡೆಯ ಮೇಲೆ ಚಿತ್ರ ಬಿಡುತ್ತಾ, ಯಶಸ್ವಿ ಉದ್ಯಮಿಗೆ ಇರಬೇಕಾದ ಗುಣಗಳನ್ನು ಒಂದೊಂದಾಗಿ ಹೇಳಿದ. ಆತ್ಮವಿಶ್ವಾಸ, ನಾಯಕತ್ವ, ಅಪಾಯ ಎದುರಿಸುವ ಧೈರ್ಯ, ಸಮಯಪಾಲನೆ, ಸೋಲಿಗೆ ಅಂಜದಿರುವುದು. ಪ್ರತಿಯೊಂದಕ್ಕೂ ಒಂದು ಚಿತ್ರ. ಧೈರ್ಯಕ್ಕೆ ಸಿಂಹ, ಸಮಯಕ್ಕೆ ಗಡಿಯಾರ, ನಾಯಕತ್ವಕ್ಕೆ ಬೆಟ್ಟದ ತುದಿಯಲ್ಲಿ ನಿಂತ ಕೋಟಿನ ಮನುಷ್ಯ. ಆ ಮನುಷ್ಯ ಅಲ್ಲಿಗೆ ಏಕೆ ಹತ್ತಿದ, ಕೆಳಗೆ ಅಂಗಡಿಯನ್ನು ಯಾರು ನೋಡಿಕೊಳ್ಳುತ್ತಿದ್ದಾರೆ ಎಂಬುದನ್ನು ಹೇಳಲಿಲ್ಲ. ತಾವು ಯಾವ ಉದ್ಯಮ ಮಾಡಿದ್ದೀರಿ ಸಾರ್ ಎಂದು ಇದ್ದಿಲಿನವರು ಕೇಳಿದರು. "ಇದೇ ಸಾರ್, ಟ್ರೈನಿಂಗು" ಎಂದ. ಅವನ ಪ್ರಾಮಾಣಿಕತೆ ನನಗೆ ಹಿಡಿಸಿತು.

ಆಮೇಲೆ ಒಬ್ಬೊಬ್ಬರನ್ನೇ ಎಬ್ಬಿಸಿ, "ನಿಮ್ಮ ಬಿಸಿನೆಸ್ಸಲ್ಲಿ ಬೇರೆಯವರ ಹತ್ರ ಇಲ್ದೇ ಇರೋದು ಏನಿದೆ?" ಎಂದು ಕೇಳಿದ.

"ನಾನೇ. ಈ ಮೂರು ತಾಲೂಕಲ್ಲಿ ಶಾಮಿಯಾನ ಹಾಕಿಸೋ ಹೆಂಗಸು ಬೇರೆ ಇಲ್ಲ" ಎಂದೆ.

"ಅದಲ್ಲ ಮೇಡಂ. ಕಸ್ಟಮರ್‌ಗೆ ಬೋರ್ಡ್ ಹಾಕಿ ಹೇಳ್ಕೊಳ್ಳೋಂಥದ್ದು."

ಆಗ ನನಗೆ ಹೊಳೆಯಿತು. ಹಳೇ ನೀಲಿ ಕುರ್ಚಿಗಳು ಬಣ್ಣಗೆಟ್ಟಿದ್ದರಿಂದ ಆಗಷ್ಟೇ ಹೊಸದಾಗಿ ಮರೂನ್ ಬಣ್ಣದ ಕುರ್ಚಿಗಳನ್ನು ತರಿಸಿದ್ದೆ. ಮದುವೆ, ನಾಮಕರಣ, ಗೃಹಪ್ರವೇಶಕ್ಕೆ ಮರೂನ್ ಕುರ್ಚಿ, ಸಾವಿಗೆ, ತಿಥಿಗೆ ನೀಲಿ ಕುರ್ಚಿ. ಒಂದಕ್ಕೆ ಹೋದದ್ದು ಇನ್ನೊಂದಕ್ಕೆ ಹೋಗುವುದಿಲ್ಲ. ಎದ್ದು ನಿಂತು ಹೇಳಿದೆ. ಹುಡುಗ ಚಪ್ಪಾಳೆ ತಟ್ಟಿದ, ಎಲ್ಲರಿಂದಲೂ ತಟ್ಟಿಸಿದ. ಜನ್ಮದಲ್ಲಿ ನನಗೆ ಸಿಕ್ಕಿದ ಮೊದಲ ಚಪ್ಪಾಳೆ ಅದು, ತಲೆಗೇರಿತು.

ವಾರ ಕಳೆಯುವುದರೊಳಗೆ ಅಂಗಡಿಯ ಮುಂದೆ ಹೊಸ ಬೋರ್ಡು ಬಂತು. 'ಶುಭಕಾರ್ಯಗಳಿಗೆ ಪ್ರತ್ಯೇಕ ಕುರ್ಚಿ, ಪ್ರತ್ಯೇಕ ಶಾಮಿಯಾನ, ಪ್ರತ್ಯೇಕ ಪಾತ್ರೆ. ಸಾವಿನ ಮನೆಗೆ ಹೋದದ್ದು ಮದುವೆ ಮನೆಗೆ ಬರುವುದಿಲ್ಲ.' ಹಳದಿಯ ಮೇಲೆ ಕೆಂಪು ಅಕ್ಷರ. ಹೆದ್ದಾರಿಯಲ್ಲಿ ಹೋಗುವ ಬಸ್ಸಿನಿಂದಲೂ ಓದಬಹುದಾಗಿತ್ತು. ಅಪ್ಪನಿಗೆ ತೋರಿಸಬೇಕೆಂದು ಆಟೋದಲ್ಲಿ ಕರೆತಂದೆ. ಆಟೋದಿಂದ ಇಳಿಯದೆಯೇ ಓದಿದರು. ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡರು.

"ಇದನ್ನ ಓದ್ದೋರು ಮೊದ್ಲು ಏನು ಕೇಳ್ತಾರೆ ಗೊತ್ತೇನವ್ವ?"

"ಏನು ಕೇಳ್ತಾರೆ?"

"ಹಂಗಾರೆ ಇಷ್ಟು ದಿನ?"

ಅಷ್ಟು ಹೇಳಿ ಆಟೋದವನಿಗೆ ಮನೆಗೆ ಹೋಗೋಣ ಎಂದರು. ಹಳೇ ಕಾಲದವರು, ವ್ಯಾಪಾರದ ಹೊಸ ದಾರಿ ಇವರಿಗೆಲ್ಲಿ ತಿಳಿಯಬೇಕು ಎಂದುಕೊಂಡೆ.

ಮೊದಲು ಬಂದವರು ನಮ್ಮದೇ ಬೀದಿಯ ಹೆಂಗಸು. ಮಗನ ಮದುವೆಗೆ ಎಲ್ಲ ಸಾಮಾನೂ ನಮ್ಮಲ್ಲಿಂದಲೇ ಹೋಗಿತ್ತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಬೋರ್ಡಿನ ಕೆಳಗೆ ನಿಂತರು.

"ಹಂಗಾರೆ ಇಷ್ಟು ದಿನ ಸಾವಿನ್ ಕುರ್ಚಿನೇ ನಮ್ ಮದ್ವೆಗೂ ಕಳಿಸ್ತಿದ್ರಾ?"

"ಎಲ್ಲಾ ಕಡೆ ಹಾಗೇ ಅಲ್ವೇನಕ್ಕ. ತೊಳೆದೇ ಕಳ್ಸಿರ್ತೀವಿ."

"ಅದಕ್ಕೇ ಕಣೇ. ಅದಕ್ಕೇ ನನ್ ಸೊಸೆ ತವರಿಗೆ ಹೋಗಿ ಕೂತವಳೆ. ನಾನು ಯೋಚ್ನೆ ಮಾಡ್ತಾನೇ ಇದ್ದೆ, ಯಾಕೆ ಹಿಂಗಾಯ್ತು, ಯಾಕೆ ಹಿಂಗಾಯ್ತು ಅಂತ."

ಆಕೆಯ ಸೊಸೆ ತವರಿಗೆ ಯಾಕೆ ಹೋದಳು ಎಂಬುದು ಬೀದಿಗೆಲ್ಲ ಗೊತ್ತಿತ್ತು. ಬೆಳಿಗ್ಗೆ ಆರಕ್ಕೆ ಶುರುವಾದರೆ ಸುಸ್ತಾಗುವವರೆಗೂ ನಿಲ್ಲದ ಅತ್ತೆಯ ಬಾಯಿ ನಮ್ಮ ಮನೆಯ ಕಿಟಕಿ ಮುಚ್ಚಿದ್ದರೂ ಕೇಳುತ್ತಿತ್ತು. ಪಾಪ, ಕುರ್ಚಿಗೆ ಬಾಯಿಲ್ಲ. ಹೊರೆ ಅದರ ಮೇಲೆ ಬಿತ್ತು.

ಆಮೇಲೆ ಸಾಲು ಹಿಡಿಯಿತು. ಪಂಚನಹಳ್ಳಿಯ ಒಬ್ಬರು ಬೋರ್‌ವೆಲ್ ಕೊರೆಸುವ ಮುನ್ನ ಪೂಜೆಗೆ ನಮ್ಮ ಕೊಡಪಾನ ಒಯ್ದಿದ್ದರಂತೆ, ನೀರು ಬಿದ್ದಿರಲಿಲ್ಲ. ಪಂಚಾಯಿತಿ ಚುನಾವಣೆಯಲ್ಲಿ ಸೋತವರೊಬ್ಬರು, ನಾಮಪತ್ರ ಹಾಕುವ ದಿನ ನಮ್ಮ ಕುರ್ಚಿಯ ಮೇಲೆ ಕೂತಿದ್ದೇ ತಪ್ಪಾಯಿತು ಎಂದರು. ಗೆದ್ದವರೂ ಅದೇ ಕುರ್ಚಿಗಳ ಮೇಲೆ ಕೂತಿದ್ದರಲ್ಲ ಸ್ವಾಮಿ ಎಂದೆ. "ಅದಕ್ಕೇ ಅವನ ಆಡಳಿತ ಹಿಂಗಿರೋದು" ಎಂದರು. ಸೂತಕವೆಂಬುದೇ ಇಲ್ಲ, ಮರಣವೇ ಮಹಾನವಮಿ ಎಂದು ಮಠದ ಸಭೆಗಳಲ್ಲಿ ತಲೆದೂಗುವ ಜನ ನಾವು. ಆ ಸಭೆಗಳಿಗೂ ನಮ್ಮ ನೀಲಿ ಕುರ್ಚಿಗಳೇ ಹೋಗುತ್ತಿದ್ದವು. ತಲೆದೂಗುವುದು ಬೇರೆ, ಕೂರುವುದು ಬೇರೆ ಎಂದು ನನಗೆ ಆಗ ತಿಳಿಯಿತು.

ಮದುವೆಯವರು ಹೋದರೆ ಹೋಗಲಿ, ಸಾವಿನ ಮನೆಯವರಾದರೂ ಉಳಿದಾರೆಂದು ನಂಬಿದ್ದೆ. ಅವರಿಗೆ ಇನ್ನೂ ಹೆಚ್ಚು ಸಿಟ್ಟು. "ನಮ್ಮಪ್ಪ ಸತ್ರೆ ಬಣ್ಣ ಹೋದ ಕುರ್ಚಿ, ಮದುವೆ ಮನೆಯೋರಿಗಾದ್ರೆ ಹೊಸಾವಾ? ಅವರೇನು ನಮಗಿಂತ ಹೆಚ್ಚೇನಮ್ಮ?" ಎಂದು ಒಬ್ಬರು ಮುಖಕ್ಕೇ ಕೇಳಿದರು. ಇದ್ದದ್ದು ಇದ್ದಂಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಟೈ ಕಟ್ಟಿದ ಹುಡುಗನ ಗೋಡೆಯ ಮೇಲೆ ಈ ಗಾದೆಗೆ ಚಿತ್ರವಿರಲಿಲ್ಲ.

ಮಾಘ ಮಾಸದ ಮದುವೆಗಳು ಒಂದೊಂದಾಗಿ ಕೈತಪ್ಪಿದವು. ಎಲ್ಲವೂ ತರೀಕೆರೆಯ ದಾರಿ ಹಿಡಿದವು. ಚಿಕ್ಕಪ್ಪ ಬೋರ್ಡು ಹಾಕಲಿಲ್ಲ, ಅಷ್ಟು ದಡ್ಡನಲ್ಲ. ಕೇಳಿದವರಿಗೆಲ್ಲ ಬಾಯಲ್ಲೇ ಹೇಳಿದ: "ನಮ್ಮಲ್ಲಿ ಸಾವಿಗೆ ಕೊಡೋ ಪದ್ಧತಿನೇ ಇಲ್ಲ ಕಣ್ರೀ." ಕೇಳಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಮ್ಮ ಕಸುಬಿನಲ್ಲಿ ಒಂದು ರೂಢಿಯಿದೆ. ಮುಹೂರ್ತಗಳೆಲ್ಲ ಒಂದೇ ದಿನ ಬಿದ್ದಾಗ ಕಡೂರಿನ ಕುರ್ಚಿ ತರೀಕೆರೆಗೆ, ತರೀಕೆರೆಯದು ಅಜ್ಜಂಪುರಕ್ಕೆ, ಅಜ್ಜಂಪುರದ್ದು ಮತ್ತೆ ನಮ್ಮಲ್ಲಿಗೆ ಹೋಗಿಬಂದು ಮಾಡುತ್ತವೆ. ಅದಕ್ಕೆಂದೇ ಪ್ರತಿ ಕುರ್ಚಿಯ ಬೆನ್ನಿಗೆ ಅಂಗಡಿಯವರ ಗುರುತಿನ ಅಕ್ಷರ ಬರೆದಿರುತ್ತದೆ. ಚಿಕ್ಕಪ್ಪನ ಅದೆಷ್ಟೋ ಮದುವೆಗಳಲ್ಲಿ ನಮ್ಮ ನೀಲಿ ಕುರ್ಚಿಗಳ ಮೇಲೆ ಬೀಗರು ಹೋಳಿಗೆಗೆ ತುಪ್ಪ ಹಾಕಿಸಿಕೊಂಡಿದ್ದಾರೆ. ಇದನ್ನು ಊರಿಗೆಲ್ಲ ಸಾರಿಬಿಡುತ್ತೇನೆ ಎಂದು ಕುಣಿದೆ.

"ಸಾರು" ಎಂದರು ಅಪ್ಪ. "ಅವನ ಅಂಗ್ಡಿನೂ ಮುಚ್ಚತ್ತೆ. ಅಜ್ಜಂಪುರದೋರದೂ ಮುಚ್ಚತ್ತೆ. ಆಮೇಲೆ ಜನ ನಿಂತ್ಕೊಂಡೇ ಮದ್ವೆ ಮಾಡ್ಕೋತಾರೆ."

"ಹಾಗಾದ್ರೆ ಅಂಗಡಿ ಚಿಕ್ಕಪ್ಪನಿಗೇ ಹೋಗ್ಲಾ?"

ಅಪ್ಪನಿಗೆ ಮಾತಾಡುವುದು ಅಷ್ಟರಲ್ಲಾಗಲೇ ಕಷ್ಟವಾಗಿತ್ತು. "ನಂಗೆ ಅವನಿಗೆ ಕೊಡೋಕೆ ಇಷ್ಟ ಇದ್ದಿದ್ರೆ ಅವತ್ತೇ ಕೊಡ್ತಿರ್ಲಿಲ್ವೇನವ್ವ" ಎಂದರು. "ನೀನು ಕೇಳಿ ತಗೊಂಡೆ ಅಂತ ಆಗ್ಬಾರ್ದು. ದುಡಿದು ತಗೊಂಡೆ ಅಂತ ಆಗ್ಬೇಕು. ಇಲ್ದಿದ್ರೆ ನಾನು ಹೋದ ದಿನವೇ ಇಸ್ಕೋತಾರೆ ನಿನ್ನಿಂದ."

ಅಷ್ಟು ದಿನ ಅಪ್ಪನ ಮೇಲೆ ಇಟ್ಟುಕೊಂಡಿದ್ದ ಸಿಟ್ಟು ಅಂದು ಕರಗಿಹೋಯಿತು. ಜೊತೆಗೆ ಹೆದರಿಕೆಯೂ ಹುಟ್ಟಿತು, ಯಾಕೆಂದರೆ ದುಡಿಯಲು ಕೆಲಸವೇ ಬರುತ್ತಿರಲಿಲ್ಲ. ಬೋರ್ಡು ಇಳಿಸೋಣವೆಂದರೆ ಇಳಿಸಿದ್ದಕ್ಕೂ ಒಂದು ಕಾರಣ ಹುಟ್ಟುತ್ತಿತ್ತು. ಬಟ್ಟೆ ಮಡಿಚಿಟ್ಟ ಗೋದಾಮಿನಲ್ಲಿ ಕೂತು ಕೊಪ್ಪರಿಗೆಗಳಿಗೆ ಹುಣಸೆಹಣ್ಣು ಹಚ್ಚಿ ಹಚ್ಚಿ ತಿಕ್ಕಿದೆ. ಅಷ್ಟು ಹೊಳೆಯುವ ಕೊಪ್ಪರಿಗೆ ಮೂರು ತಾಲೂಕಿನಲ್ಲಿ ಇರಲಿಲ್ಲ.

ಯುಗಾದಿ ಕಳೆದು, ವೈಶಾಖದ ಮದುವೆಗಳು ಇನ್ನೂ ಶುರುವಾಗಿರದ ಒಂದು ಬೆಳಿಗ್ಗೆ ಅಪ್ಪ ಕಾಫಿ ಕುಡಿದು, ಲೋಟ ಕೆಳಗಿಟ್ಟು, ಗೋಡೆಗೆ ಒರಗಿದವರು ಹಾಗೇ ಹೋಗಿಬಿಟ್ಟರು. ಲೋಟ ತೆಗೆಯಲು ಬಂದ ನಾನು, ನಿದ್ದೆ ಹತ್ತಿದೆ ಎಂದುಕೊಂಡು ಸದ್ದಾಗದಂತೆ ವಾಪಸ್ ಹೋದೆ.

ಚಿಕ್ಕಪ್ಪ ಅಳುತ್ತಲೇ ಬಂದ. ಅವನ ಅಳು ಸುಳ್ಳಲ್ಲ, ಅಣ್ಣನೆಂದರೆ ಅವನಿಗೆ ಜೀವ. ಆದರೆ ಹಿಂದೆಯೇ ಅವನ ಟೆಂಪೋ ಕೂಡ ಬಂತು, ಶಾಮಿಯಾನ, ಕುರ್ಚಿಗಳ ಸಮೇತ. ಮಕ್ಕಳು ಇಳಿದು ಗಳ ಎಳೆಯತೊಡಗಿದರು.

"ನಮ್ಮಣ್ಣನ ಕಾರ್ಯ, ನಾನೇ ಹಾಕಿಸ್ತೀನಿ. ನೀನು ಒಳಗೆ ಹೆಂಗಸ್ರ ಜೊತೆ ಕೂತ್ಕೊ ಹೋಗವ್ವ" ಎಂದ.

"ನಿಮ್ಮಲ್ಲಿ ಸಾವಿಗೆ ಕೊಡೋ ಪದ್ಧತಿ ಇಲ್ವಲ್ಲ ಚಿಕ್ಕಪ್ಪ" ಎಂದೆ.

ಅಂಗಳದಲ್ಲಿ ಆಗಲೇ ಹತ್ತಾರು ಜನ ಸೇರಿದ್ದರು. ಎಲ್ಲರೂ ಕೇಳಿಸಿಕೊಂಡರು. ಚಿಕ್ಕಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡು, ಮಕ್ಕಳಿಗೆ ಕಣ್ಸನ್ನೆ ಮಾಡಿದ. ಗಳಗಳು ಮತ್ತೆ ಟೆಂಪೋ ಸೇರಿದವು.

ನಾನು ಕಣ್ಣೊರೆಸಿಕೊಂಡು ಗೋದಾಮಿನ ಬೀಗ ತೆಗೆಸಿದೆ. ಹಿರಿಯಾಳು ಅಭ್ಯಾಸಬಲದಿಂದ ನೀಲಿ ಕುರ್ಚಿಗಳ ಕಡೆ ಹೋದ. ಅವಲ್ಲ, ಹೊಸವನ್ನು ಹಾಕು ಎಂದೆ.

"ಅವು ಮದ್ವೆ ಕುರ್ಚಿ ಕಣವ್ವ. ಒಂದ್ಸಲ ಸಾವಿಗೆ ಹೋದ್ರೆ ಮುಗೀತು."

"ಮುಗೀಲಿ. ಎಲ್ಲಾನೂ ಹಾಕು."

ಮರೂನ್ ಕುರ್ಚಿಗಳು ಬೀದಿಯ ಆ ತುದಿಯವರೆಗೂ ಸಾಲಾಗಿ ನಿಂತವು. ಆಮೇಲೆ ವಧೂವರರ ಜೋಡಿ ಸಿಂಹಾಸನದಲ್ಲಿ ವರನದ್ದನ್ನು ಹೊರಗೆ ತೆಗೆಸಿದೆ. ಚಿನ್ನದ ಬಣ್ಣ, ಕೆಂಪು ಮಖಮಲ್ಲು, ಕೈಯಿಡುವಲ್ಲಿ ಸಿಂಹದ ಮುಖ. ನಮ್ಮ ಅಂಗಡಿಯಲ್ಲಿ ಅದಕ್ಕಿಂತ ಬೆಲೆಬಾಳುವ ಸಾಮಾನಿರಲಿಲ್ಲ. ನಮ್ಮಲ್ಲಿ ತೀರಿಹೋದವರನ್ನು ಮಲಗಿಸುವುದಿಲ್ಲ, ಸ್ನಾನ ಮಾಡಿಸಿ, ವಿಭೂತಿ ಧರಿಸಿ, ಕೂರಿಸುತ್ತಾರೆ. ಸಾಮಾನ್ಯವಾಗಿ ಗೋಡೆಗೆ ಒರಗಿಸಿ ಮಣೆಯ ಮೇಲೆ. ನಾನು ಅಪ್ಪನನ್ನು ಸಿಂಹಾಸನದಲ್ಲಿ ಕೂರಿಸಿ ಎಂದೆ.

"ಬುದ್ಧಿ ನೆಟ್ಟಗಿದೆಯೇನೇ?" ಎಂದ ಚಿಕ್ಕಪ್ಪ, ದುಃಖದಲ್ಲೂ ವ್ಯಾಪಾರ ಮರೆಯದೆ. "ಜೋಡೀಲಿ ಒಂದು ಸಾವಿಗೆ ಹೋದ್ರೆ ಇನ್ನೊಂದನ್ನೂ ಯಾರೂ ಮುಟ್ಟಲ್ಲ. ಎರಡೂ ಹೋಗ್ತವೆ."

"ಊರೋರನ್ನೆಲ್ಲ ಕೂರಿಸ್ದೋರು ಅವರು. ಒಂದು ಮದುವೇಲೂ ಕೂತು ಉಂಡೋರಲ್ಲ. ಇವತ್ತೊಂದಿನ ಕೂತ್ಕೊಳ್ಳಿ ಬಿಡಿ."

ಚಿಕ್ಕಪ್ಪನೇ ಮುಂದೆ ಬಂದು ಅಣ್ಣನ ಹೆಗಲಿಗೆ ಕೈಕೊಟ್ಟ.

ಜನ ಬಂದರು. ಕಡೂರಿನವರು, ಬೀರೂರಿನವರು, ಅಜ್ಜಂಪುರದಿಂದ ನನ್ನ ಗಂಡನ ಶಾಲೆಯವರು, ನಮ್ಮ ಬೋರ್ಡು ಓದಿ ದೂರ ಸರಿದಿದ್ದವರೂ ಬಂದರು. ಅಪ್ಪ ಯಾರಿಗೆ ತಾನೇ ಚಪ್ಪರ ಹಾಕಿರಲಿಲ್ಲ. ಆದರೆ ಬಂದವರೆಲ್ಲ ನಿಂತೇ ಇದ್ದರು. ಮದುವೆ ಕುರ್ಚಿಗಳೆಂದು ನಾನೇ ಬೋರ್ಡು ಹಾಕಿ ಹೇಳಿದ್ದೆನಲ್ಲ, ಸಾವಿನ ಮನೆಯಲ್ಲಿ ಅವುಗಳ ಮೇಲೆ ಕೂತರೆ ಏನಾಗುತ್ತದೋ ಯಾರಿಗೂ ಗೊತ್ತಿರಲಿಲ್ಲ. ಶಾಸ್ತ್ರದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಭಜನೆಯವರು ಕೂಡ ನಿಂತೇ ತ್ರಾಸಿನಿಂದ ಹಾಡುತ್ತಿದ್ದರು. ಬಿಸಿಲು ಏರಿತು.

ಕೊನೆಗೆ, ಸೊಸೆ ತವರಿಗೆ ಹೋದ ನಮ್ಮ ಬೀದಿಯ ಅದೇ ಹೆಂಗಸು ಮೊಣಕಾಲು ಹಿಡಿದುಕೊಂಡು, "ಅಯ್ಯೋ ನನ್ ಕೈಲಾಗಲ್ಲಪ್ಪ" ಎನ್ನುತ್ತ ಮುಂದಿನ ಸಾಲಿನಲ್ಲೇ ಕೂತುಬಿಟ್ಟರು. ಕೂತು ಸುತ್ತ ನೋಡಿದರು. ಏನೂ ಆಗಲಿಲ್ಲ. "ಕೂತ್ಕೊಳ್ರೇ, ಎಷ್ಟೊತ್ತು ನಿಲ್ತೀರ. ನಮ್ಮ ದೊಡ್ಡಯ್ಯನೇ ಮದುವಣಗಿತ್ತಿ ಕುರ್ಚೀಲಿ ಕೂತವರೆ" ಎಂದು ಉಳಿದವರಿಗೂ ಹೇಳಿದರು. ಮದುವಣಗಿತ್ತಿಯದಲ್ಲ, ವರನದು ಎಂದು ಯಾರೋ ತಿದ್ದಿದರು. ಒಬ್ಬೊಬ್ಬರಾಗಿ ಕೂತರು. ಚುನಾವಣೆಯಲ್ಲಿ ಸೋತವರು, ಗೆದ್ದವರು, ಇಬ್ಬರೂ ಅಕ್ಕಪಕ್ಕ ಕೂತರು. ಅಂದು ಊರೆಲ್ಲ ನನ್ನ ಮರೂನ್ ಕುರ್ಚಿಗಳನ್ನು ಸಾವಿನ ಕುರ್ಚಿ ಮಾಡಿತು. ಮದುವೆ ಕುರ್ಚಿ ಎಂಬುದೊಂದು ಕಡೂರಿನಲ್ಲಿ ಉಳಿಯಲಿಲ್ಲ. ತರೀಕೆರೆಯ ಟೆಂಪೋ ಸಾವಿನ ಮನೆಗೆ ಬಂದದ್ದನ್ನೂ ಜನ ನೋಡಿದ್ದರು, ಆ ಮಾತೂ ಅಲ್ಲಿಗೆ ಮುಗಿಯಿತು.

ಕಾರ್ಯವೆಲ್ಲ ಮುಗಿದ ಮೇಲೆ ಬೋರ್ಡಿಗೆ ಬಿಳಿ ಬಣ್ಣ ಹೊಡೆಸಿ, ಮೊದಲಿನಂತೆ ಅಂಗಡಿಯ ಹೆಸರನ್ನಷ್ಟೇ ಬರೆಸಿದೆ. ಯಾರೂ ಏನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೇಳಿಕೊಡುವವರು ಎಂದೂ ಹೇಳಿಕೊಡದ ವಿದ್ಯೆ ಇದು. ಗಿರಾಕಿಗೆ ಗೊತ್ತಿರುವುದನ್ನು ಗಿರಾಕಿಗೆ ನೆನಪಿಸಬಾರದು. ವೈಶಾಖದ ಮೊದಲ ಮದುವೆಯವರು ಬಂದು ಎಷ್ಟು ಕುರ್ಚಿ ಎಂದಷ್ಟೇ ಮಾತಾಡಿ ಹೋದರು, ಆಮೇಲೆ ಇನ್ನೊಬ್ಬರು ಬಂದರು. ಸಿಂಹಾಸನವನ್ನು ಮಾತ್ರ ಯಾರೂ ಕೇಳಲಿಲ್ಲ, ಚಿಕ್ಕಪ್ಪ ಹೇಳಿದ್ದು ಸರಿಯಾಗಿಯೇ ಇತ್ತು. ಎರಡನ್ನೂ ಅಂಗಡಿಯ ಮುಂಭಾಗಕ್ಕೆ ತರಿಸಿದೆ. ಅಪ್ಪ ಕೂತಿದ್ದರಲ್ಲಿ ನಾನು ಕೂತು ವ್ಯಾಪಾರ ಮಾಡತೊಡಗಿದೆ. ಭಾನುವಾರಗಳಲ್ಲಿ ನನ್ನ ಗಂಡ ಪಕ್ಕದ ವಧುವಿನ ಸಿಂಹಾಸನದಲ್ಲಿ ಕೂತು ಪೇಪರ್ ಓದುತ್ತಾರೆ. ಮಖಮಲ್ಲಿನ ಮೇಲೆ ಅಪ್ಪನ ತಲೆ ಒರಗಿದ್ದ ಜಾಗದಲ್ಲಿ ವಿಭೂತಿಯ ಕಲೆ ಉಳಿದಿದೆ. ಒರೆಸಲು ನನಗೆ ಮನಸ್ಸಾಗಲಿಲ್ಲ.

ಮದುವೆ ಕಾಲ ಮುಗಿಯುತ್ತ ಬಂದಾಗ ಒಂದು ಮಧ್ಯಾಹ್ನ ಚಿಕ್ಕಪ್ಪ ಅಂಗಡಿಗೆ ಬಂದ. ಬೀಗದಕೈ ಕೇಳಲು ಬಂದನೆಂದೇ ಅಂದುಕೊಂಡೆ. ಅಪ್ಪ ಕೊಟ್ಟ ಮಾತು ಅಪ್ಪನ ಜೊತೆ ಹೋಗಿರಲಿಲ್ಲ, ಮಾಘದ ನಷ್ಟ ಯಾರಿಗೂ ಗೊತ್ತಿಲ್ಲದ್ದೇನಲ್ಲ. ಒಂದು ನೀಲಿ ಕುರ್ಚಿ ಎಳೆದು ಹಾಕಿದೆ. ಚಿಕ್ಕಪ್ಪ ಅದನ್ನು ನೋಡಿದ, ನನ್ನನ್ನು ನೋಡಿದ, ಕೂತ.

"ಮುಹೂರ್ತ ಎಲ್ಲಾ ಒಂದೇ ದಿನ ಬಿದ್ಬಿಟ್ಟವೆ ಕಣವ್ವ" ಎಂದ. "ತರೀಕೆರೇಲೂ ಒಂದು, ಅಜ್ಜಂಪುರದಲ್ಲೂ ಒಂದು. ಕುರ್ಚಿ ಸಾಲ್ತಿಲ್ಲ. ಆ ಮರೂನ್‌ವು ಇದ್ರೆ ಕಳ್ಸು."

"ಅಪ್ಪನ ಸಾವಿಗೆ ಹಾಕಿದ್ವಲ್ಲ ಚಿಕ್ಕಪ್ಪ."

"ನಾನೇನು ಬೋರ್ಡ್ ಹಾಕ್ತೀನಾ."

ಇಬ್ಬರಿಗೂ ನಗು ಬಂತು, ಅಪ್ಪ ಹೋದ ಮೇಲೆ ಮೊದಲ ಸಲ. ಕಳಿಸುತ್ತೇನೆ ಎಂದೆ. ಆಮೇಲೆ ಗಟ್ಟಿ ಮನಸ್ಸು ಮಾಡಿ ನಾನೇ ಕೇಳಿದೆ, "ಬೀಗದಕೈ ವಿಷಯ ಏನು ಮಾಡೋದು?"

ಚಿಕ್ಕಪ್ಪ ಎದ್ದು ನನ್ನ ಹಿಂದೆ ಬಂದು ನಿಂತ. ಮಖಮಲ್ಲಿನ ಮೇಲಿನ ವಿಭೂತಿಯನ್ನು ಬೆರಳಿನಿಂದ ಮುಟ್ಟಿ ಹಣೆಗೆ ಹಚ್ಚಿಕೊಂಡ. "ಅವತ್ತು ನನ್ ಟೆಂಪೋ ವಾಪಸ್ ಕಳಿಸ್ದಾಗ್ಲೇ ಅದು ಮುಗೀತು" ಎಂದ. ಕಣ್ಣೊರೆಸಿಕೊಂಡು ಹೊರಟವನು ಹೊಸಲಲ್ಲಿ ನಿಂತು ಮತ್ತೆ ವ್ಯಾಪಾರಸ್ಥನಾದ. "ಅಜ್ಜಂಪುರದ್ದು ದೊಡ್ ಮನೆ ಮದ್ವೆ ಕಣವ್ವ. ಅವರಿಗೆ ಇದ್ಯಾವ್ದೂ ಗೊತ್ತಿಲ್ಲ. ಕುರ್ಚಿ ಜೊತೆ ಆ ಸಿಂಹಾಸನಾನೂ ಹಾಕಿ ಕಳಿಸ್ಬಿಡು, ಒಳ್ಳೆ ಬಾಡಿಗೆ ಕೊಡಿಸ್ತೀನಿ."

"ಇದು ಬಾಡಿಗೆಗಿಲ್ಲ ಚಿಕ್ಕಪ್ಪ" ಎಂದೆ. "ಇದರಲ್ಲಿ ನಾನು ಕೂರ್ತೀನಿ."